ಅವಳು ನಾಟಕ ಮಾಡುತ್ತಿರಲಿಲ್ಲ



ಬಿಜಾಪುರದಿಂದ ಜತ್ತದ ಬಸ್ಸು ಹತ್ತಿದರೆ ಕರ್ನಾಟಕ ಎಲ್ಲಿ ಮುಗಿಯಿತು, ಮಹಾರಾಷ್ಟ್ರ ಎಲ್ಲಿ ಶುರುವಾಯಿತು ಎಂದು ಕಿಟಕಿಯ ಹೊರಗೆ ನೋಡಿ ಹೇಳಲು ಬರುವುದಿಲ್ಲ. ಅದೇ ಜೋಳದ ಹೊಲ, ಅದೇ ಕಲ್ಲು ತುಂಬಿದ ನೆಲ, ನೀರು ಸಿಕ್ಕಲ್ಲಿ ದ್ರಾಕ್ಷಿ, ದಾಳಿಂಬೆ. ಅಂಗಡಿಗಳ ಫಲಕ ಮರಾಠಿಗೆ ತಿರುಗುತ್ತದೆ, ಬಸ್ಸಿನೊಳಗಿನ ಮಾತು ಮಾತ್ರ ಕನ್ನಡದಲ್ಲೇ ಮುಂದುವರಿಯುತ್ತದೆ. ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಮುಚ್ಚಂಡಿ ಅಂಥ ಊರುಗಳಲ್ಲೊಂದು. ಅಲ್ಲಿಗೆ ನಾವು ಹೋದದ್ದು ಎರಡೇ ಸಲ. ಎರಡು ಸಲವೂ ಒಂದೇ ಮನೆಗೆ.

ಆ ಮನೆಯ ಮಗಳು ಗಡಿಯ ಈಚೆ ನಮ್ಮ ಶಾಲೆಯಲ್ಲಿ ಓದುತ್ತಿದ್ದಳು. ಶಾಲೆಯ ಆಡಳಿತ ನಮ್ಮ ಹೆಗಲ ಮೇಲಿತ್ತು, ಹೆಣ್ಣುಮಕ್ಕಳ ವಸತಿನಿಲಯವನ್ನು ಭಗಿನಿಯರು ನೋಡಿಕೊಳ್ಳುತ್ತಿದ್ದರು. ಗುರುದೀಕ್ಷೆಯಾಗಿ ಕೆಲವೇ ವರ್ಷಗಳಾಗಿದ್ದ ಕಾಲ. ಎಲ್ಲ ಪ್ರಶ್ನೆಗೂ ನಮ್ಮ ಬಳಿ ಉತ್ತರವಿದೆ ಎಂದುಕೊಂಡಿದ್ದೆವು.

2012ರ ಜನವರಿಯ ಒಂದು ಬೆಳಗ್ಗೆ ಆ ಹುಡುಗಿ ಹಾಸಿಗೆಯಿಂದ ಏಳಲಿಲ್ಲ. ಎಡಗಾಲು ಎತ್ತಲು ಬರುತ್ತಿಲ್ಲ ಎಂದಳು. ಜ್ವರವಿಲ್ಲ, ಬಿದ್ದಿಲ್ಲ, ಊತವಿಲ್ಲ. ಹತ್ತನೆಯ ತರಗತಿ, ಪರೀಕ್ಷೆಗೆ ಎರಡು ತಿಂಗಳಿತ್ತು. ಊರಿನ ವೈದ್ಯರು ಒಂದು ಇಂಜೆಕ್ಷನ್ ಕೊಟ್ಟು ನೋಡೋಣ ಎಂದರು. ಸಂಜೆಯ ಹೊತ್ತಿಗೆ ಅಡುಗೆಯ ಅಮ್ಮ ‘ಗಾಳಿ ಬಡಿದೈತಿ’ ಎಂದು ತೀರ್ಪು ಕೊಟ್ಟಾಗಿತ್ತು. ಮರುದಿನ ಅಪ್ಪ ಅವ್ವ ಇಬ್ಬರೂ ಬಂದರು. ಅವ್ವ ಬರುವಾಗಲೇ ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತು ಬಂದಿದ್ದಳು. ಯಾರೋ ನೋಡುವವರಿದ್ದಾರಂತೆ, ಅಲ್ಲಿಗೆ ಒಮ್ಮೆ ಒಯ್ದು ಬರುತ್ತೇವೆ ಎಂದಳು. ನಾವು ಒಪ್ಪಲಿಲ್ಲ. ಇದೆಲ್ಲ ಮೂಢನಂಬಿಕೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿ, ನಮ್ಮದೇ ಜೀಪಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದೆವು. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು. ‘ಎಲ್ಲ ನಾರ್ಮಲ್ ಇದೆ, ಇವಳಿಗೆ ಏನೂ ಆಗಿಲ್ಲ. ಪರೀಕ್ಷೆ ಹತ್ತಿರ ಬಂತಲ್ಲ ಫಾದರ್, ಅದಕ್ಕೇ’ ಎಂದು ಅಲ್ಲಿದ್ದವರು ನಕ್ಕರು. ನಾವೂ ನಕ್ಕೆವು. ಹುಡುಗಿ ಅಲ್ಲೇ ಗಾಲಿಕುರ್ಚಿಯಲ್ಲಿ ಕುಳಿತಿದ್ದಳು.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನಮಗೆ ಮನಃಶಾಸ್ತ್ರವೂ ಒಂದು ವಿಷಯವಾಗಿತ್ತು. ಅದರ ಟಿಪ್ಪಣಿಯಲ್ಲಿ ಹಿಸ್ಟೀರಿಯಾ ಬಗ್ಗೆ ಎರಡು ಪುಟ. ಮನಸ್ಸಿನ ತೊಳಲಾಟ ದೇಹದ ಕಾಯಿಲೆಯ ರೂಪ ತಾಳುತ್ತದೆ, ಕಾಯಿಲೆಯಿಂದ ರೋಗಿಗೆ ಆರೈಕೆ, ಅನುಕಂಪ ಎಂಬ ಲಾಭವೂ ಸಿಗುತ್ತದೆ, ಹಾಗಾಗಿ ಹೆಚ್ಚು ಗಮನ ಕೊಡಬಾರದು – ನಮ್ಮ ತಲೆಯಲ್ಲಿ ಉಳಿದದ್ದು ಇಷ್ಟು. ವಸತಿನಿಲಯಕ್ಕೆ ಮರಳಿದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದೆವು: ‘ಯಾರೂ ಇವಳನ್ನು ಎತ್ತಬೇಡಿ, ಹಿಡಿದು ನಡೆಸಬೇಡಿ. ನಾಟಕ ಸಾಕಾದಾಗ ತಾನೇ ಎದ್ದು ನಡೆಯುತ್ತಾಳೆ.’

ಅಪ್ಪ ಕೈಕಟ್ಟಿ ನಿಂತಿದ್ದ. ‘ಫಾದರ್ರ, ನನ್ನ ಮಗಳು ಸುಳ್ಳ ಹೇಳಾಕಿ ಅಲ್ರಿ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರ ನೀವು ಓದಿದವ್ರು, ನೀವು ಅದೀರಲ್ಲ’ ಎಂದು ಹೆಂಡತಿಯನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದ. ಕಬ್ಬು ಕಡಿಯುವ ಹಂಗಾಮು. ಗ್ಯಾಂಗಿನವರಿಂದ ಮುಂಗಡ ಹಣ ಪಡೆದಾಗಿತ್ತು. ನಿಲ್ಲುವಂತಿರಲಿಲ್ಲ.

ವಸತಿನಿಲಯದ ಹಿರಿಯ ಭಗಿನಿ ಆಗ ವಾರ್ಷಿಕ ಧ್ಯಾನಕೂಟಕ್ಕೆ ಹೋಗಿದ್ದರು. ಒಂಬತ್ತು ದಿನ ಬಿಟ್ಟು ಬಂದರು. ಬಂದ ರಾತ್ರಿಯೇ ನಮ್ಮ ಮನೆಯ ಬಾಗಿಲು ತಟ್ಟಿ, ‘ಫಾದರ್, ಆ ಮಗುವಿನ ಮೊಣಕಾಲು ನೋಡಿದ್ದೀರಾ?’ ಎಂದು ಕೇಳಿದರು. ನೋಡಿರಲಿಲ್ಲ. ಹುಡುಗಿಯರೆಲ್ಲ ಮಲಗಿದ ಮೇಲೆ ಅವಳು ಕತ್ತಲೆಯಲ್ಲಿ ತೆವಳಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದಳು. ಕಡಪಾ ಕಲ್ಲಿನ ನೆಲ ಮುಗಿದ ಮೇಲೆ ಹೊರಗೆ ಜಲ್ಲಿಕಲ್ಲಿನ ದಾರಿ. ಎರಡೂ ಮೊಣಕಾಲು, ಒಂದು ಮೊಣಕೈ ಕಿತ್ತು ಕೀವು ಕಟ್ಟಿದ್ದವು. ಒಂಬತ್ತು ರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ಯಾರಾದರೂ ನಾಟಕ ಆಡುತ್ತಾರೆಯೇ? ಭಗಿನಿ ಹಾಗೆ ಕೇಳಲಿಲ್ಲ. ಅವರು ಕೇಳದೆ ಹೋದದ್ದರಿಂದಲೇ ನಾವು ಕೇಳಿಕೊಳ್ಳಬೇಕಾಯಿತು.

ಗುರುಗಳು ಒಬ್ಬರೇ ಇದ್ದರೂ ‘ನಾವು’ ಎಂದು ಬರೆಯುವುದು ಹಳೆಯ ರೂಢಿ. ಆದರೆ ಇಲ್ಲಿ ತಪ್ಪು ಮಾಡಿದ ‘ನಾವು’ ಒಬ್ಬರೇ, ಅದನ್ನು ಯಾರ ಮೇಲೂ ಹಂಚುವಂತಿಲ್ಲ. ಹುಡುಗಿಯ ಅವ್ವ ಹೇಳಿದ ಮಂತ್ರವಾದಿಯನ್ನು ನಾವು ಹಳಿದಿದ್ದೆವಲ್ಲವೇ? ಅವನು ಕನಿಷ್ಠಪಕ್ಷ ಆಕೆಗೆ ಏನೋ ಆಗಿದೆ ಎಂದು ಒಪ್ಪುತ್ತಿದ್ದ.

ಆ ಕಡೆಯ ಜನರಿಗೆ ದೊಡ್ಡ ಕಾಯಿಲೆ ಎಂದರೆ ಮಿರಜ್. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಗಡಿಯ ಎರಡೂ ಕಡೆಯವರು ‘ಮಿರಜಿಗೆ ಒಯ್ಯಿರಿ’ ಎನ್ನುತ್ತ ಬಂದಿದ್ದಾರೆ. ಈಗ ಊರೇ ಆಸ್ಪತ್ರೆಗಳ ಊರಾಗಿದೆ. ಅಪ್ಪನನ್ನು ಕಬ್ಬಿನ ಗದ್ದೆಯಿಂದ ಕರೆಸಿಕೊಂಡು ನಾವೂ ಜೊತೆಗೆ ಹೊರಟೆವು. ಅಲ್ಲಿ ಒಬ್ಬ ನರರೋಗ ತಜ್ಞರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲು ಅವರು ಬೀಗದ ಕೈಯಿಂದ ಹುಡುಗಿಯ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನತ್ತ ಗೀರಿದರು. ಮಿದುಳಿನಿಂದ ಕಾಲಿಗೆ ಬರುವ ನರಗಳ ದಾರಿಗೆ ಪೆಟ್ಟು ಬಿದ್ದಿದ್ದರೆ ಹೆಬ್ಬೆರಳು ಮೇಲಕ್ಕೆ ಏಳುತ್ತದಂತೆ. ಬಬಿನ್ಸ್ಕಿ ಎಂಬ ವೈದ್ಯರು ಪ್ಯಾರಿಸ್ಸಿನಲ್ಲಿ 1896ರಲ್ಲಿ ತೋರಿಸಿಕೊಟ್ಟ ಪರೀಕ್ಷೆ ಇದು. ಹುಡುಗಿಯ ಹೆಬ್ಬೆರಳು ಕೆಳಕ್ಕೇ ಮಡಚಿತು. ಆಮೇಲೆ ಅಂಗಾತ ಮಲಗಿಸಿ, ಎಡ ಹಿಮ್ಮಡಿಯ ಕೆಳಗೆ ತಮ್ಮ ಅಂಗೈ ಇಟ್ಟು, ‘ಈ ಕಾಲನ್ನು ಹಾಸಿಗೆಗೆ ಒತ್ತು’ ಎಂದರು. ಅವಳು ಹಲ್ಲುಕಚ್ಚಿ ಒತ್ತಿದಳು, ಹಣೆಯಲ್ಲಿ ಬೆವರು ಬಂತು, ಕಾಲು ಮಾತ್ರ ಅರಿವೆಯ ಹಾಗೆ ಬಿದ್ದಿತ್ತು. ‘ಆಯಿತು, ಅದನ್ನು ಬಿಡು. ಈಗ ಬಲಗಾಲು ಮೇಲೆತ್ತು, ನಾನು ತಡೆಯುತ್ತೇನೆ’ ಎಂದರು. ಅವಳು ಬಲಗಾಲು ಎತ್ತಿದಳು. ಆಗ ಅವರು ಅವಳ ಅಪ್ಪನ ಕೈಯನ್ನು ಎಳೆದು ಎಡ ಹಿಮ್ಮಡಿಯ ಕೆಳಗೆ ಇಟ್ಟರು. ಅಪ್ಪನ ಮುಖ ನೋಡುವಂತಿತ್ತು. ಕೆಲಸ ಮಾಡದ ಆ ಎಡಗಾಲು ಅವನ ಕೈಯನ್ನು ಹಾಸಿಗೆಗೆ ಅದುಮಿ ಹಿಡಿದಿತ್ತು!

ನಾವು ಒಂದು ಕಾಲು ಎತ್ತಿದಾಗ ಇನ್ನೊಂದು ತಾನಾಗಿ ಕೆಳಕ್ಕೆ ಒತ್ತುತ್ತದೆ. ಮಲಗಿ ಮಾಡಿ ನೋಡಿ, ನಿಮಗೂ ಗೊತ್ತಾಗುತ್ತದೆ. ಚಾರ್ಲ್ಸ್ ಹೂವರ್ ಎಂಬ ಅಮೆರಿಕದ ವೈದ್ಯರು 1908ರಲ್ಲಿ ಇದನ್ನು ಬರೆದಿಟ್ಟರು. ಕಾಲಿನ ನರವೂ ಸ್ನಾಯುವೂ ಕೆಟ್ಟಿಲ್ಲ. ಕಾಲನ್ನು ಬೇಕೆಂದು ಆಡಿಸಹೋದಾಗ ಆಜ್ಞೆ ದಾರಿಯಲ್ಲೆಲ್ಲೋ ತಪ್ಪಿಹೋಗುತ್ತದೆ, ಗಮನ ಬೇರೆಡೆ ಹೋದಾಗ ಅದೇ ಕಾಲು ತನ್ನ ಕೆಲಸ ಮಾಡುತ್ತದೆ.

‘ಹಾಗಾದರೆ ನಾಟಕವೇ ತಾನೆ ಡಾಕ್ಟರೇ?’ ಎಂದು ನಾವು ಕೇಳಿದೆವು. ಅಷ್ಟಾದರೂ ಕೇಳಿದೆವು! ಅವರು ನಮ್ಮತ್ತ ತಿರುಗದೆ ಹುಡುಗಿಗೇ ಹೇಳಿದರು: ‘ನಿನ್ನ ಕಾಲಿನಲ್ಲಿ ಬಲ ಇದೆ, ನೋಡಿದೆಯಲ್ಲ? ನೀನು ಸುಳ್ಳು ಹೇಳುತ್ತಿಲ್ಲ. ಇದು ನಿಜವಾದ ಕಾಯಿಲೆ, ಇದಕ್ಕೆ ಹೆಸರಿದೆ, ಇದು ವಾಸಿಯಾಗಬಲ್ಲದು.’ ಹುಡುಗಿ ಅಳತೊಡಗಿದಳು. ಹದಿನೈದು ದಿನದಲ್ಲಿ ಅವಳು ಅತ್ತದ್ದನ್ನು ನಾವು ನೋಡಿದ್ದು ಅದೇ ಮೊದಲು.

ಅಂದಿನಿಂದ ನಾವು ಈ ವಿಷಯವನ್ನು ಸಿಕ್ಕಲ್ಲಿ ಓದುತ್ತ ಬಂದಿದ್ದೇವೆ. ಹಿಸ್ಟೀರಿಯಾ ಎಂಬ ಹೆಸರು ಗರ್ಭಕೋಶ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಹೆಂಗಸರ ಗರ್ಭಕೋಶ ಕೆಟ್ಟರೆ ಹೀಗಾಗುತ್ತದೆ ಎಂದು ಹಿಂದಿನವರು ನಂಬಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಶಾರ್ಕೋ ಎಂಬ ಮಹಾವೈದ್ಯರು ಇದನ್ನು ನರಗಳ ಕಾಯಿಲೆಯಾಗಿ ಅಭ್ಯಾಸ ಮಾಡಿದರು, ಗಂಡಸರಿಗೂ ಬರುತ್ತದೆ ಎಂದು ತೋರಿಸಿದರು. 1885ರಲ್ಲಿ ಅವರ ಬಳಿ ಕಲಿಯಲು ಹೋದ ಫ್ರಾಯ್ಡ್ ಅದನ್ನು ಮನಸ್ಸಿನ ಕಡೆಗೆ ತಿರುಗಿಸಿದರು. ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ಕೈಪಿಡಿಯಿಂದ ಹಿಸ್ಟೀರಿಯಾ ಎಂಬ ರೋಗದ ಹೆಸರನ್ನೇ ತೆಗೆದುಹಾಕಿದರು. ಈಗ ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್ ಎನ್ನುತ್ತಾರೆ. ಅಂದರೆ ಅಂಗ ಕೆಟ್ಟಿಲ್ಲ, ಅದರ ನಡೆ ಕೆಟ್ಟಿದೆ. ಗುರುಮಠದಲ್ಲಿ ನಾವು ಬರೆದುಕೊಂಡ ಎರಡು ಪುಟ ಆಗಲೇ ಹಳೆಯದಾಗಿತ್ತು.

‘ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಹಿಸ್ಟೀರಿಯಾ’ ಎನ್ನುವ ಸುಲಭದ ದಾರಿ ಎಷ್ಟು ಅಪಾಯ ಎಂಬುದೂ ಗೊತ್ತಾದದ್ದು ಸಂಶೋಧನೆಯಿಂದಲೇ. ಲಂಡನ್ನಿನ ಮನೋವೈದ್ಯ ಎಲಿಯಟ್ ಸ್ಲೇಟರ್ 1965ರಲ್ಲಿ ಒಂದು ವರದಿ ಪ್ರಕಟಿಸಿದರು. ಹಿಂದೆ ಹಿಸ್ಟೀರಿಯಾ ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ 85 ರೋಗಿಗಳನ್ನು ವರ್ಷಗಳ ನಂತರ ಹುಡುಕಿ ನೋಡಿದರೆ, ಅವರಲ್ಲಿ ಬಹಳ ಮಂದಿಗೆ ನಿಜವಾದ ನರರೋಗವೇ ಇತ್ತು, ಕೆಲವರು ತೀರಿಕೊಂಡೂ ಇದ್ದರು. ವೈದ್ಯಲೋಕ ಬೆಚ್ಚಿತು. 2005ರಲ್ಲಿ ಎಡಿನ್‌ಬರೊದ ಜಾನ್ ಸ್ಟೋನ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. 1950ರ ದಶಕದಲ್ಲಿ ನೂರಕ್ಕೆ 29ರಷ್ಟಿದ್ದ ತಪ್ಪು ತೀರ್ಮಾನ 1970ರ ದಶಕದಿಂದೀಚೆಗೆ ನೂರಕ್ಕೆ 4ಕ್ಕೆ ಇಳಿದಿತ್ತು. 2013ರಿಂದ ಅಮೆರಿಕದ ಕೈಪಿಡಿಯೂ, ಏನೂ ಕಾಣಲಿಲ್ಲ ಎಂಬ ಕಾರಣಕ್ಕೆ ಈ ಹೆಸರು ಕೊಡಬೇಡಿ, ಹೂವರ್ ಪರೀಕ್ಷೆಯಂಥ ಕಣ್ಣಿಗೆ ಕಾಣುವ ಗುರುತು ಹಿಡಿದು ಹೆಸರಿಡಿ ಎನ್ನುತ್ತದೆ. ರೋಗಿಯ ಬಾಳಿನಲ್ಲಿ ಏನೋ ದುಃಖ ಇರಲೇಬೇಕು ಎಂಬ ನಿಯಮವನ್ನೂ ಅದು ಕೈಬಿಟ್ಟಿದೆ.

ಈ ಕೊನೆಯ ಮಾತು ನಮಗೆ ನುಂಗಲು ಕಷ್ಟವಾಯಿತು. ಏಕೆಂದರೆ ಮಿರಜಿನಿಂದ ಬರುವ ದಾರಿಯಲ್ಲಿ ನಾವು ಕಾರಣ ಹುಡುಕಿಟ್ಟಾಗಿತ್ತು. ಹತ್ತನೆಯದು ಮುಗಿದೊಡನೆ ಅವಳಿಗೆ ಗಂಡು ನೋಡುವ ಮಾತು ಮನೆಯಲ್ಲಿ ನಡೆದಿತ್ತು. ಅಕ್ಕನ ಮದುವೆಯೂ ಹಾಗೇ ಆಗಿತ್ತು, ಅಕ್ಕ ಈಗ ಕೂಸನ್ನು ಕಟ್ಟಿಕೊಂಡು ಕಬ್ಬಿನ ಗದ್ದೆಯಲ್ಲಿದ್ದಳು. ಕಾಲು ನಿಂತದ್ದು ಅದಕ್ಕೇ ಎಂದು ಗಂಟು ಹಾಕಿಬಿಟ್ಟೆವು. ಮುಂದಿನ ಭೇಟಿಯಲ್ಲಿ ಹೇಳಿದಾಗ ಆ ವೈದ್ಯರು, ‘ಇರಬಹುದು ಫಾದರ್. ಆದರೆ ಅದೇ ಚಿಂತೆ ಇರುವ ಸಾವಿರ ಹುಡುಗಿಯರ ಕಾಲು ನಡೆಯುತ್ತಲೇ ಇದೆಯಲ್ಲ’ ಎಂದರು. ಕಾರಣ ಗೊತ್ತಾಗದೆಯೂ ಉಪಚಾರ ಮಾಡಬಹುದು ಎಂಬುದು ಕಥೆ ಕಟ್ಟಿ ಅಭ್ಯಾಸವಾದ ನಮ್ಮಂಥ ಬೋಧಕರಿಗೆ ಬೇಗ ಒಗ್ಗುವುದಿಲ್ಲ.

ಹಾಗೆಂದು ಮನಸ್ಸಿಗೂ ಮೈಗೂ ನಂಟಿಲ್ಲ ಎಂದಲ್ಲ. ನಮ್ಮ ಭಾಷೆಯನ್ನೇ ಕೇಳಿ ನೋಡಿ. ಸುದ್ದಿ ಕೇಳಿ ಕೈಕಾಲೇ ಆಡಲಿಲ್ಲ ಎನ್ನುತ್ತೇವೆ. ಗಂಟಲು ಕಟ್ಟಿತು, ಎದೆ ಒಡೆಯಿತು, ಕಾಲಿನ ಬಲವೇ ಉಡುಗಿತು ಎನ್ನುತ್ತೇವೆ. ಪಾಪನಿವೇದನೆಗೆ ಬರುವ ತಾಯಂದಿರು ‘ಬೇಸರವಾಗಿದೆ’ ಎಂದು ಹೇಳುವುದು ಕಡಿಮೆ, ‘ಎದೆಯಲ್ಲಿ ಉರಿ ಫಾದರ್, ತಲೆ ಭಾರ, ಕೈಕಾಲು ಜೋಮು’ ಎನ್ನುವುದೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದ 80 ಮಂದಿ ಖಿನ್ನತೆಯ ರೋಗಿಗಳನ್ನು ಡಾ. ರಘುರಾಮ್, ಡಾ. ಮಿಚೆಲ್ ವೈಸ್ ಮತ್ತು ಸಂಗಡಿಗರು ಮಾತಾಡಿಸಿ 1996ರಲ್ಲಿ ಬರೆದದ್ದನ್ನು ಓದಿದಾಗ ನಮಗೆ ಪಾಪನಿವೇದನೆಯ ಪೀಠವೇ ನೆನಪಾಯಿತು. ಮನಸ್ಸಿನ ದುಃಖವನ್ನು ಹೇಳಿಕೊಂಡರೆ ಜನ ಕೀಳಾಗಿ ಕಂಡಾರು, ಮದುವೆ ಮುರಿದೀತು ಎಂಬ ಅಳುಕು ಅವರಲ್ಲಿತ್ತು. ಮೈನೋವು ಎಲ್ಲರಿಗೂ ಬರುವುದಾದ್ದರಿಂದ ಅದನ್ನು ಹೇಳಲು ನಾಚಿಕೆಯಿರಲಿಲ್ಲ. ನಮ್ಮ ಉತ್ತರದ ಕಡೆ ‘ಧಾರವಾಡಕ್ಕೆ ಕಳಿಸಬೇಕು’ ಎಂದರೆ ಹುಚ್ಚು ಹಿಡಿದಿದೆ ಎಂದೇ ಅರ್ಥ. ಆ ಊರಿನ ಮನೋರೋಗಿಗಳ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ್ದು, ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದೆ. ನಾವು ಮಾತ್ರ ಅದರ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ.

ಕರಾವಳಿಯ ಕೋಟದಲ್ಲಿ, ಶಿವರಾಮ ಕಾರಂತರು ಹುಟ್ಟಿದ ಊರಿನಲ್ಲಿ, ಡಾ. ಆರ್. ಎಲ್. ಕಪೂರ್ ಮತ್ತು ಸ್ಕಾಟ್ಲೆಂಡಿನ ಡಾ. ಮಾರಿಸ್ ಕಾರ್‌ಸ್ಟೇರ್ಸ್ ಮನೆಮನೆಗೆ ಹೋಗಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಮೈಮೇಲೆ ಬರುವುದನ್ನೂ ಅವರು ಅದರಲ್ಲಿ ತಾಳ್ಮೆಯಿಂದ ನೋಡಿದ್ದಾರೆ. ಊರಿನ ಪಂಡಿತರು, ಮಂತ್ರವಾದಿಗಳು, ಪಾತ್ರಿಗಳು ಇವರ ಬಳಿಗೂ ಜನ ಹೋಗುತ್ತಿದ್ದರು, ಡಾಕ್ಟರ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ಏನೂ ವಿರೋಧ ಕಾಣುತ್ತಿರಲಿಲ್ಲ. ಆ ಹುಡುಗಿಯ ಅವ್ವನೂ ಹಾಗೆಯೇ. ದಾನಮ್ಮನ ಹರಕೆ ಅವಳನ್ನು ಮಿರಜಿಗೆ ಹೋಗದಂತೆ ಎಂದೂ ತಡೆಯಲಿಲ್ಲ. ತಡೆದದ್ದು ‘ಇವಳಿಗೆ ಏನೂ ಆಗಿಲ್ಲ’ ಎಂಬ ನಮ್ಮ ತಿಳಿವಳಿಕೆ.

ನಮ್ಮ ಮನೆಗಳ ಮಾತಿಗೂ ಬರೋಣ. ದೆವ್ವ ಬಿಡಿಸುವ ಇಂಗ್ಲಿಷ್ ಸಿನಿಮಾ ಟೀವಿಯಲ್ಲಿ ಬಂದ ವಾರ ಯುವಕರು ನಮ್ಮನ್ನು ಸುತ್ತುಗಟ್ಟುತ್ತಾರೆ. 2005ರಲ್ಲಿ ಬಂದ ಅಂಥದೊಂದು ಚಿತ್ರದ ಹಿಂದೆ ಜರ್ಮನಿಯ ಆನೆಲೀಸ್ ಮಿಖೆಲ್ ಎಂಬ ಕಥೋಲಿಕ ಯುವತಿಯ ಸಾವಿದೆ. ಅಪಸ್ಮಾರಕ್ಕೆ ಔಷಧಿ ಪಡೆಯುತ್ತಿದ್ದವಳು. ಕೊನೆಗೆ ಚಿಕಿತ್ಸೆ ನಿಂತುಹೋಗಿ, ಸುಮಾರು ಹತ್ತು ತಿಂಗಳಲ್ಲಿ 67 ಸಲ ಭೂತೋಚ್ಚಾಟನೆಯ ಪ್ರಾರ್ಥನೆ ನಡೆಯಿತು. ಅನ್ನನೀರು ಬಿಟ್ಟು ಸೊರಗಿ 1976ರ ಜುಲೈ 1ರಂದು ತೀರಿಕೊಂಡಳು; ವಯಸ್ಸು 23. ತಂದೆತಾಯಿ ಹಾಗೂ ಇಬ್ಬರು ಗುರುಗಳು ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು 1978ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಇದನ್ನು ಓದಿದಾಗ ಆ ಗುರುಗಳನ್ನು ದೂರಲು ನಮಗೆ ಬಾಯಿ ಬರಲಿಲ್ಲ. ಅವರು ದೆವ್ವ ಎಂದರು, ನಾವು ನಾಟಕ ಎಂದೆವು.

ಧರ್ಮಸಭೆ ಈ ವಿಷಯದಲ್ಲಿ ನಮಗಿಂತ ಎಚ್ಚರವಾಗಿದೆ. ಯಾರಿಗಾದರೂ ದೆವ್ವ ಹಿಡಿದಿದೆ ಎಂದು ಸುಲಭವಾಗಿ ನಂಬಬಾರದೆಂದು 1614ರ ರೋಮನ್ ವಿಧಿಗ್ರಂಥದಲ್ಲೇ ಎಚ್ಚರಿಕೆಯಿದೆ. 1999ರಲ್ಲಿ ಪರಿಷ್ಕರಿಸಿದ ವಿಧಿಯೂ ಅದನ್ನೇ ಒತ್ತಿ ಹೇಳುತ್ತದೆ. ಕಾಯಿಲೆ, ಅದರಲ್ಲೂ ಮನಸ್ಸಿನ ಕಾಯಿಲೆ, ಬೇರೆಯೇ ವಿಷಯ, ಅದು ವೈದ್ಯರಿಗೆ ಸೇರಿದ್ದು ಎಂದು ಕಥೋಲಿಕ ಧರ್ಮೋಪದೇಶದ 1673ನೆಯ ಪರಿಚ್ಛೇದ ತಿಳಿಸುತ್ತದೆ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ಆ ವಿಧಿಗೆ ಕೈಹಾಕುವಂತಿಲ್ಲ. ರೋಗಿಗಾಗಿ ಪ್ರಾರ್ಥಿಸುವುದಕ್ಕೆ ಯಾವ ಅನುಮತಿಯೂ ಬೇಡ. ಆಸ್ಪತ್ರೆಗೆ ಹೋಗುವ ಜೀಪಿನಲ್ಲೂ ಜಪಸರ ಹಿಡಿಯಬಹುದು.

ವೈದ್ಯರ ಬಳಿ ಹೋಗಲು ತಡಮಾಡಬಾರದು ಎನ್ನಲು ಇನ್ನೂ ಕಾರಣಗಳಿವೆ. ಕ್ಯಾಟಟೋನಿಯ ಎಂಬ ಸ್ಥಿತಿ ಇದೆ. ಕಾಲ್ಬಾಮ್ ಎಂಬ ಜರ್ಮನ್ ವೈದ್ಯರು 1874ರಲ್ಲಿ ಅದಕ್ಕೆ ಹೆಸರಿಟ್ಟರು. ಓಡಾಡಿಕೊಂಡಿದ್ದ ಮನುಷ್ಯ ಒಂದು ದಿನ ಮಾತು ನಿಲ್ಲಿಸುತ್ತಾನೆ, ಬಾಗಿಲ ಬಳಿ ಬೊಂಬೆಯಂತೆ ನಿಂತುಬಿಡುತ್ತಾನೆ, ಕೈ ಎತ್ತಿ ಬಿಟ್ಟರೆ ಎತ್ತಿದ ಹಾಗೇ ಇರುತ್ತದೆ, ಬಾಯಿಗಿಟ್ಟ ತುತ್ತು ನುಂಗುವುದಿಲ್ಲ. ಮನೆಯವರು ಮೌನವ್ರತ ಎಂದುಕೊಳ್ಳುತ್ತಾರೆ, ಇಲ್ಲವೇ ಮಾಟ ಎನ್ನುತ್ತಾರೆ. ಹಾಗೇ ಬಿಟ್ಟರೆ ನೀರಿಲ್ಲದೆ, ಕಾಲಿನ ರಕ್ತ ಹೆಪ್ಪುಗಟ್ಟಿ ಜೀವ ಹೋಗಬಹುದು. ಲೊರಾಜೆಪಾಮ್ ಎಂಬ ಔಷಧಿ ಕೊಟ್ಟರೆ ಎಷ್ಟೋ ಮಂದಿ ಕೆಲವು ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನಗಳಲ್ಲಿ ಮಾತಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ವಿದ್ಯುತ್ ಚಿಕಿತ್ಸೆ ಇದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಅದು ಹಿಂಸೆಯಲ್ಲ, ಅರಿವಳಿಕೆ ಕೊಟ್ಟು ಮಾಡುತ್ತಾರೆ. ನಿಮ್ಹಾನ್ಸ್‌ನ ವೈದ್ಯರು ಈ ಸ್ಥಿತಿಯ ಮೇಲೆ ಸಾಕಷ್ಟು ಸಂಶೋಧನೆ ಮಾಡಿದ್ದಾರೆ.

ಇನ್ನೊಂದು ಇತ್ತೀಚಿನದು. ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಏನೇನೋ ಮಾತಾಡುತ್ತಾಳೆ, ಇಲ್ಲದ್ದು ಕಾಣುತ್ತದೆ ಎನ್ನುತ್ತಾಳೆ, ಬಾಯಿ ಸೊಟ್ಟ ಮಾಡುತ್ತಾಳೆ, ಸೆಟೆಯುತ್ತಾಳೆ. ನೋಡಿದವರು ಏನೆನ್ನುತ್ತಾರೆ ಎಂದು ನಾವು ಹೇಳಬೇಕಿಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪಿ ಮಿದುಳಿನ ಮೇಲೆ ಬೀಳುವುದರಿಂದ ಹೀಗಾಗಬಹುದೆಂದು ಡಾ. ಜೋಸೆಪ್ ದಲ್ಮಾವು ಮತ್ತು ಸಂಗಡಿಗರು 2007ರಲ್ಲಿ ತೋರಿಸಿಕೊಟ್ಟರು. ಕೆಲವರಲ್ಲಿ ಅಂಡಾಶಯದ ಸಣ್ಣ ಗಡ್ಡೆಯೊಂದು ಇದಕ್ಕೆ ಮೂಲ. ಬೇಗ ಗುರುತಿಸಿದರೆ ಬಹುಪಾಲು ರೋಗಿಗಳು ಚೇತರಿಸಿಕೊಳ್ಳುತ್ತಾರೆ. 2007ಕ್ಕಿಂತ ಮುಂಚೆ ಇದೇ ಕಾಯಿಲೆಯಿಂದ ನರಳಿದವರು ಎಲ್ಲೆಲ್ಲಿ, ಯಾರ ಕೈಯಲ್ಲಿ ಸಿಕ್ಕಿದ್ದರೋ.

ಎಲ್ಲಿಗೆ ಹೋಗಬೇಕು ಎಂದೇ ತಿಳಿಯದವರಿಗೆ ಒಂದು ಮಾತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಟೆಲಿ ಮನಸ್ ಎಂಬ ಉಚಿತ ದೂರವಾಣಿ ಸೇವೆ ಆರಂಭಿಸಿದೆ. ಸಂಖ್ಯೆ 14416. ಕನ್ನಡದಲ್ಲೂ ಮಾತಾಡಬಹುದು. ಆದರೆ ಕಾಲು ಬಿದ್ದರೆ, ಫಿಟ್ಸ್ ಬಂದರೆ, ಅನ್ನನೀರು ನಿಂತರೆ ಫೋನು ಸಾಲದು, ಅಂದೇ ಆಸ್ಪತ್ರೆಗೆ ಹೊರಡಿ.

ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟೆವು. ಮಿರಜಿನಲ್ಲಿ ಫಿಸಿಯೋಥೆರಪಿ ಮಾಡುವವರು ಅವಳನ್ನು ‘ಕಾಲು ಎತ್ತು’ ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ. ಚೆಂಡು ಎಸೆದು ಹಿಡಿಯಲು ಹೇಳಿದರು, ಹಿಂದಕ್ಕೆ ನಡೆಸಿದರು, ಹಾಡು ಹೇಳುತ್ತ ಹೆಜ್ಜೆ ಹಾಕಿಸಿದರು. ಗಮನ ಕಾಲಿನ ಮೇಲಿಲ್ಲದಾಗ ಕಾಲು ನಡೆಯುತ್ತಿತ್ತು. ಒಬ್ಬ ಮನೋವೈದ್ಯೆಯೂ ಅವಳ ಜೊತೆ ಮಾತಾಡುತ್ತಿದ್ದರು, ಏನು ಮಾತಾಡಿದರೆಂದು ನಾವು ಕೇಳಲಿಲ್ಲ. ಮಾರ್ಚಿ ಪರೀಕ್ಷೆ ತಪ್ಪಿತು. ಏಪ್ರಿಲಿನಲ್ಲಿ ಅವಳನ್ನು ಮುಚ್ಚಂಡಿಗೆ ಬಿಟ್ಟುಬರಲು ಹೋದದ್ದು ನಮ್ಮ ಮೊದಲ ಭೇಟಿ. ಬಾವಿ ಬತ್ತಿತ್ತು, ಟ್ಯಾಂಕರಿಗೆ ಕಾಯುವ ಕೊಡಗಳ ಸಾಲು ಬೀದಿಯಲ್ಲಿತ್ತು. ಅಂಥದರಲ್ಲೂ ಅವ್ವ ನಮ್ಮ ಕಾಲಿಗೆ ಒಂದು ತಂಬಿಗೆ ನೀರು ಕೊಟ್ಟಳು. ರೊಟ್ಟಿ, ಶೇಂಗಾ ಹಿಂಡಿ ತಿಂದು, ಎಲ್ಲರನ್ನೂ ಆಶೀರ್ವದಿಸಿ ಬಂದೆವು. ಹೇಳಬೇಕಾದ ಮಾತು ಹೇಳದೆ ಬಂದೆವು. ಜೂನಿನ ಮರುಪರೀಕ್ಷೆಯಲ್ಲಿ ಅವಳು ಪಾಸಾದ ಸುದ್ದಿ ಭಗಿನಿಯಿಂದ ತಿಳಿಯಿತು. ಆಮೇಲೆ ನಮಗೆ ವರ್ಗವಾಯಿತು.

ಕಳೆದ ಚಳಿಗಾಲದಲ್ಲಿ ಬಿಜಾಪುರದ ಕಡೆ – ಈಗ ವಿಜಯಪುರ – ಒಂದು ಕಾರ್ಯಕ್ರಮಕ್ಕೆ ಹೋದಾಗ ಅದೇ ಬಸ್ಸು ಹತ್ತಿದೆವು. ಅಪ್ಪನಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದ. ಮಗಳು ತವರಿಗೆ ಬಂದಿದ್ದಳು, ಅಂಗಳದಲ್ಲಿ ಅವಳ ಮಗ ಸೈಕಲ್ಲಿನ ಹಳೆಯ ಟೈರು ಓಡಿಸುತ್ತಿದ್ದ. ಚಹಾ ಬಂದಾಗ ನಾವು ಲೋಟ ಕೆಳಗಿಟ್ಟು, ‘ಅವತ್ತು ನಾಟಕ ಅಂದದ್ದು ನಮ್ಮ ತಪ್ಪು ತಂಗಿ. ಒಂಬತ್ತು ರಾತ್ರಿ ನೀನು ತೆವಳಿದ್ದು ನಮ್ಮಿಂದ. ಕ್ಷಮಿಸು’ ಎಂದೆವು.

ಅವಳು ತಕ್ಷಣ ಏನೂ ಹೇಳಲಿಲ್ಲ. ಅಪ್ಪನೂ ಸುಮ್ಮನಿದ್ದ. ‘ಹೋಗಲಿ ಬಿಡ್ರಿ’ ಎನ್ನುತ್ತಾರೆಂದು ನಾವು ಕಾದಿದ್ದೆವೋ ಏನೋ, ಯಾರೂ ಹಾಗೆನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಮೊಣಕಾಲಿನ ಕಲಿ ಇನ್ನೂ ಅದಾವ್ರಿ ಫಾದರ್ರ’ ಎಂದಳು. ಮತ್ತೆ ತಾನೇ ಮಾತು ಮುಂದುವರಿಸಿದಳು. ‘ಎಡಗಾಲು ಈಗೂ ವರ್ಷಕ್ಕೊಮ್ಮೆ ಎರಡಸಲ ಭಾರ ಆಗತೈತ್ರಿ. ಮೊದಲ ಅಂಜತಿದ್ದೆ. ಈಗ ಅಂಜೂದಿಲ್ಲ. ಮನಿಯಾಗ ಎಲ್ಲರಿಗೂ ಹೇಳಿಟ್ಟೀನಿ, ನಮ್ಮತ್ತಿಗೂ ಗೊತ್ತೈತಿ.’

‘ಆವಾಗ ಏನು ಮಾಡುತ್ತೀ?’ ಎಂದು ಕೇಳಿದೆವು.

‘ಮಲಕೊಂಡು ಬಲಗಾಲು ಎತ್ತತೀನ್ರಿ’ ಎಂದಳು. ‘ಅತ್ತಿ ಎಡಗಾಲಿನ ಬುಡಕ ಕೈ ಇಟ್ಟು, ಹಾಂ, ಒತ್ತಾಕತ್ತೈತಿ ನೋಡವಾ ಅಂತಾರ್ರಿ.’

ಅಷ್ಟರಲ್ಲಿ ಟೈರು ಅಂಗಳ ದಾಟಿ ಬೀದಿಗೆ ಉರುಳಿತು. ಅವಳು ಚಹಾದ ಲೋಟ ಕೈಯಲ್ಲೇ ಹಿಡಿದುಕೊಂಡು ಮಗನ ಹಿಂದೆ ಓಡಿದಳು.